ತಂಪು ನಾಡಿನ ಕಾರು, ಬಿಸಿಲು ನಾಡಿನ ರಸ್ತೆ



ಎಂಜಿನುಗಳನ್ನು ಕುರಿತ ನಮ್ಮ ಮಾತುಕತೆಯ ಚಿತ್ರೀಕರಣ ಇನ್ನೇನು ಮುಗಿಯಬೇಕು ಎನ್ನುವಾಗ, ಸ್ಟುಡಿಯೋದಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು. “ಗಂಟೆಗೆ ಇನ್ನೂರು ಕಿಲೋಮೀಟರು ಓಡಬಲ್ಲ ಸ್ಪೋರ್ಟ್ಸ್ ಕಾರು, ಓಡುವಾಗ ತಂಪಾಗಿದ್ದು ಸಿಗ್ನಲಿನಲ್ಲಿ ಸುಮ್ಮನೆ ನಿಂತಾಗ ಕುದಿಯುವುದು ಯಾಕೆ ಸಾರ್? ಓಡುವಾಗಲೇ ಅಲ್ಲವೇ ಎಂಜಿನು ಹೆಚ್ಚು ಕೆಲಸ ಮಾಡುವುದು?” ಅತಿಥಿಗಳು ಉತ್ತರ ಆರಂಭಿಸಿದರು. ಆದರೆ ನಮ್ಮ ಅರ್ಧ ಗಂಟೆಯ ಗಡಿಯಾರ ಬಿಡಲಿಲ್ಲ. ಒಳ್ಳೆಯ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಕಳುಹಿಸಿದೆವಲ್ಲ ಎಂಬ ಕೊರಗು ನನಗೆ ಉಳಿಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆಗೆ ಹೇಳಿ ಮಾಡಿಸಿದಂಥ ಕಾರೊಂದಿದೆ. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ತಯಾರಾಗಿ, 1961ರ ಮಾರ್ಚಿಯಲ್ಲಿ ಜಿನೀವಾ ಪ್ರದರ್ಶನದಲ್ಲಿ ಜಗತ್ತಿನ ಮುಂದೆ ಬಂದ ಜಾಗ್ವಾರ್ ಇ-ಟೈಪ್. ಇದರ ಆಕಾರವನ್ನು ರೂಪಿಸಿದ ಮಾಲ್ಕಮ್ ಸೇಯರ್ ಅದಕ್ಕೂ ಮೊದಲು ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದವರು. ಗಾಳಿಯನ್ನು ಸೀಳಿಕೊಂಡು ಹೋಗುವ ಉದ್ದನೆಯ ಮೂತಿ, ಅದರ ತುದಿಯಲ್ಲಿ ಮೀನಿನ ಬಾಯಿಯಂಥ ಚಿಕ್ಕ ಅಂಡಾಕಾರದ ರಂಧ್ರ. 3.8 ಲೀಟರಿನ ಆರು ಸಿಲಿಂಡರುಗಳ ಎಂಜಿನು 265 ಅಶ್ವಶಕ್ತಿ ಕೊಡುತ್ತದೆ, ಕಾರು ಗಂಟೆಗೆ 150 ಮೈಲಿ ಓಡುತ್ತದೆ ಎಂದು ಕಂಪನಿ ಸಾರಿತು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು ಎಂದರೆ ಅದರ ಚೆಲುವು ಎಂಥದ್ದೆಂದು ನೀವೇ ಊಹಿಸಿ. (ಆ ಕಾರನ್ನು ಮಾಡಿದ ಜಾಗ್ವಾರ್ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೊಂಡುಕೊಂಡಿತು.)

ಇಷ್ಟು ಚೆಂದದ ಕಾರಿಗೆ ಒಂದು ಕಷ್ಟವಿತ್ತು. ಅದು ಹುಟ್ಟಿದ ಊರಿನಲ್ಲಿ ಬೇಸಿಗೆಯ ಹಗಲೂ ಸಾಮಾನ್ಯವಾಗಿ 20-22 ಡಿಗ್ರಿ ಸೆಲ್ಸಿಯಸ್. ಆದರೆ ಹೆಚ್ಚಿನ ಕಾರುಗಳು ಮಾರಾಟವಾದದ್ದು ಅಮೆರಿಕದಲ್ಲಿ. ಅವುಗಳಲ್ಲಿ ಎಷ್ಟೋ ಕ್ಯಾಲಿಫೋರ್ನಿಯ, ಟೆಕ್ಸಾಸ್, ಅರಿಝೋನಾಗಳಂಥ ಬಿಸಿಲ ಸೀಮೆಗೆ ಹೋದವು. ಅರಿಝೋನಾದ ಫೀನಿಕ್ಸ್ ನಗರದಲ್ಲಿ 1990ರ ಜೂನ್ 26ರಂದು 50 ಡಿಗ್ರಿ ದಾಖಲಾಯಿತು. 2023ರಲ್ಲಿ ಅದೇ ಊರು ಸತತ 31 ದಿನ 43 ಡಿಗ್ರಿ ದಾಟಿದ ಬಿಸಿಲು ಕಂಡಿತು. ಅಂಥ ಊರಿನಲ್ಲಿ ಈ ಹಳೆಯ ಕಾರನ್ನು ಇಂದಿಗೂ ಓಡಿಸುವವರಿದ್ದಾರೆ. ತಂಪು ನಾಡಿನ ಎಂಜಿನನ್ನು ಬಿಸಿಲು ನಾಡಿಗೆ ಒಗ್ಗಿಸುವುದು ಹೇಗೆ ಎಂಬುದು ಅವರ ದಿನನಿತ್ಯದ ಸಮಸ್ಯೆ. ನಮಗೋ, ಅದು ಉಷ್ಣಶಾಸ್ತ್ರದ ಒಂದು ಸೊಗಸಾದ ಪಾಠ.

ಮೂರರಲ್ಲಿ ಒಂದು ಪಾಲು

ಮೊದಲು ಲೆಕ್ಕ ನೋಡೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯನ್ನು ನಿಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 9 ಯೂನಿಟ್. ಇದರಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯಲ್ಲಿ ಬಿಸಿ ಅನಿಲವಾಗಿ ಹೋಗುತ್ತದೆ. ಉಳಿದದ್ದು ಎಂಜಿನಿನ ಲೋಹವನ್ನು ಕಾಯಿಸುತ್ತದೆ. ಅದನ್ನು ಹೊರಗೆ ಸಾಗಿಸುವುದೇ ತಂಪುಕಾರಿ ವ್ಯವಸ್ಥೆಯ ಕೆಲಸ. ಹೆದ್ದಾರಿಯಲ್ಲಿ ಕಾರು ಗಂಟೆಗೆ 16 ಲೀಟರು ಪೆಟ್ರೋಲು ಕುಡಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗ ನೀರಿಗೆ ಸೇರುವ ಉಷ್ಣ ಗಂಟೆಗೆ ಸುಮಾರು 48 ಯೂನಿಟ್, ಅಂದರೆ 2 ಕಿಲೋವ್ಯಾಟಿನ ಬಚ್ಚಲುಮನೆ ಗೀಸರುಗಳು ಇಪ್ಪತ್ತನಾಲ್ಕು ಒಟ್ಟಿಗೆ ಉರಿದಂತೆ. ಅದೇ ಕಾರು ನಿಂತಲ್ಲೇ ಗುರುಗುಟ್ಟುತ್ತ ಗಂಟೆಗೆ 2 ಲೀಟರು ಕುಡಿದರೆ? ಗೀಸರುಗಳು ಬರೇ ಮೂರು.

ನಮ್ಮ ವಿದ್ಯಾರ್ಥಿನಿಯ ತರ್ಕ ಇಲ್ಲಿಯವರೆಗೆ ಸರಿ. ಇಪ್ಪತ್ತನಾಲ್ಕು ಗೀಸರುಗಳನ್ನು ಸುಲಭವಾಗಿ ತಾಳಿಕೊಂಡ ಕಾರು ಮೂರಕ್ಕೆ ಸೋಲುವುದೆಂದರೇನು?

ಉಷ್ಣದ ಪ್ರಯಾಣವನ್ನು ಹಿಂಬಾಲಿಸೋಣ. ಸಿಲಿಂಡರಿನ ಗೋಡೆಯಿಂದ ನೀರಿಗೆ, ನೀರಿನಿಂದ ರೇಡಿಯೇಟರಿನ ಕೊಳವೆಗಳಿಗೆ, ಕೊಳವೆಗಳಿಂದ ಅವುಗಳ ನಡುವಿನ ತೆಳು ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ. ಎಂಜಿನನ್ನು “ನೀರಿನಿಂದ ತಂಪಾಗುವ ಎಂಜಿನು” ಎನ್ನುತ್ತೇವೆ. ಅದು ಅರ್ಧಸತ್ಯ. ನೀರು ಬರಿಯ ಹಮಾಲಿ. ಮೂಟೆಯನ್ನು ಕೊನೆಗೆ ಇಳಿಸಿಕೊಳ್ಳಬೇಕಾದದ್ದು ಗಾಳಿ. ಆದರೆ ಗಾಳಿ ಬಹಳ ದುರ್ಬಲ ಹಮಾಲಿ. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗುವಾಗ ಹೊರುವ ಉಷ್ಣವನ್ನು ಹೊರಲು ಸುಮಾರು ಮೂರೂವರೆ ಘನಮೀಟರು ಗಾಳಿ ಬೇಕು. ಒಂದು ಬಿಂದಿಗೆ ನೀರಿಗೆ ಒಂದು ಕೋಣೆಯಷ್ಟು ಗಾಳಿ! ಹಾಗಾಗಿ ಈ ಸರಪಣಿಯಲ್ಲಿ ಬಹುತೇಕ ಯಾವಾಗಲೂ ಸೋಲುವ ಕೊಂಡಿ ಕೊನೆಯದು. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗಿ ಬರುತ್ತದೆ, ನಿಂತಾಗ ಬರುವುದಿಲ್ಲ. ಎದುರುಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ನೀವು ಓದಿದ್ದೀರಿ. ಗಂಟೆಗೆ 100 ಕಿಲೋಮೀಟರಿನಲ್ಲಿ ಇರುವ ಒತ್ತಡ 10 ಕಿಲೋಮೀಟರಿನಲ್ಲಿ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಷ್ಣ ಎಂಟನೆಯ ಒಂದಾಯಿತು, ಒತ್ತಡ ನೂರನೆಯ ಒಂದಾಯಿತು. ಸಿಗ್ನಲಿನಲ್ಲಿ ನಿಂತ ಕಾರು ಕುದಿಯುವ ಗುಟ್ಟು ಇದು.

ಒಂದಕ್ಕೆ ಒಂದು

ಬಿಸಿಲು ನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ರೇಡಿಯೇಟರು ಬಿಟ್ಟುಕೊಡುವ ಉಷ್ಣವು ನೀರಿನ ಉಷ್ಣತೆಗೂ ಹೊರಗಾಳಿಯ ಉಷ್ಣತೆಗೂ ಇರುವ ಅಂತರವನ್ನು ಅವಲಂಬಿಸುತ್ತದೆ. ಕವೆಂಟ್ರಿಯಲ್ಲಿ ಗಾಳಿ 20 ಡಿಗ್ರಿ ಇದ್ದಾಗ, ಒಂದು ನಿರ್ದಿಷ್ಟ ಶ್ರಮಕ್ಕೆ ನೀರು 80 ಡಿಗ್ರಿಯಲ್ಲಿ ಸ್ಥಿರವಾಗಿ ನಿಂತಿದೆ ಎನ್ನಿ. ಅಂತರ 60. ಅದೇ ಕಾರು, ಅದೇ ಶ್ರಮ, ಫೀನಿಕ್ಸಿನ 45 ಡಿಗ್ರಿ ಗಾಳಿ. ಅದೇ ಉಷ್ಣವನ್ನು ಹೊರದಬ್ಬಲು ಅದೇ 60ರ ಅಂತರ ಬೇಕಲ್ಲವೇ? ನೀರು 105 ಡಿಗ್ರಿಗೆ ಏರುವವರೆಗೂ ಸಮತೋಲ ಬರುವುದಿಲ್ಲ. ಹೊರಗಿನ ಗಾಳಿ ಒಂದು ಡಿಗ್ರಿ ಏರಿದರೆ ಒಳಗಿನ ನೀರೂ ಒಂದು ಡಿಗ್ರಿ ಏರುತ್ತದೆ. ಈ ಸಣ್ಣ ಸೂತ್ರವನ್ನು ನೆನಪಿಟ್ಟುಕೊಂಡರೆ ಅರ್ಧ ವಿಷಯ ತಿಳಿದಂತೆ.

ಈಗ ರೇಡಿಯೇಟರನ್ನು ಬದಲಿಸಿ, ಅದರ ಸಾಮರ್ಥ್ಯವನ್ನು ಶೇಕಡಾ 20ರಷ್ಟು ಹೆಚ್ಚಿಸಿದಿರಿ ಎನ್ನಿ. 60 ಡಿಗ್ರಿ ಅಂತರದ ಜಾಗದಲ್ಲಿ 50 ಸಾಕು. ನೀರು 95ಕ್ಕೆ ಇಳಿಯಿತು. ಭೇಷ್! ಆದರೆ ಮಾಲೀಕರು ಹವಾನಿಯಂತ್ರಕವನ್ನೂ ಹಾಕಿಸಿದ್ದಾರೆ. ಅದರ ಬಿಸಿ ಜಾಲರಿ ಕುಳಿತಿರುವುದು ರೇಡಿಯೇಟರಿನ ಎದುರಿಗೇ. ಒಳಬರುವ ಗಾಳಿಯನ್ನು ಅದು ಮೊದಲೇ 8 ಡಿಗ್ರಿ ಕಾಯಿಸಿತೆಂದರೆ ನೀರು ಮತ್ತೆ 103. ಹಣ ಖರ್ಚಾಯಿತು, ಮುಳ್ಳು ಇದ್ದಲ್ಲಿಗೇ ಬಂತು. ಕೆಂಡದಂಥ ಡಾಂಬರಿನ ಮೇಲೆ ನಿಂತಾಗ ಕಾರಿನ ಮೂತಿಯ ಮಟ್ಟದಲ್ಲಿರುವ ಗಾಳಿ ಹವಾಮಾನ ಇಲಾಖೆ ಹೇಳುವ ಅಂಕಿಗಿಂತ ಬಿಸಿಯಾಗಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹತ್ತಿಪ್ಪತ್ತು ಡಿಗ್ರಿ ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಇ-ಟೈಪಿನ ಎಂಜಿನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ತಲೆ ಅಲ್ಯೂಮಿನಿಯಂ. ಒಂದೇ ಉಷ್ಣತೆಯ ಏರಿಕೆಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಯೊಳಗೆ ಇದ್ದರೆ ನಡುವಿನ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್ಟು, ಈ ಎಳೆದಾಟವನ್ನು ತಡೆದುಕೊಳ್ಳುತ್ತದೆ. ಮಿತಿ ಮೀರಿದರೆ ತಲೆ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ಸಿಗ್ನಲಿನಲ್ಲಿ ಐದು ನಿಮಿಷ ಅಲಕ್ಷಿಸಿದ ಮುಳ್ಳು, ಒಂದು ಎಂಜಿನನ್ನು ಪೂರ್ತಿ ಬಿಚ್ಚಿಸುವ ಕೆಲಸವಾಗುತ್ತದೆ.

ಈ ದೂರುಗಳಿಗೆ ಜಾಗ್ವಾರಿನವರೇ ಕೊಟ್ಟ ಉತ್ತರವನ್ನು ಗಮನಿಸಿ. 1968ರಲ್ಲಿ ಬಂದ ಎರಡನೆಯ ಸರಣಿಯ ಇ-ಟೈಪಿನಲ್ಲಿ ಮೂತಿಯ ಬಾಯಿಯನ್ನು ಗಣನೀಯವಾಗಿ ಹಿಗ್ಗಿಸಿದರು. ಒಂದಿದ್ದ ವಿದ್ಯುತ್ ಫ್ಯಾನಿನ ಜಾಗದಲ್ಲಿ ಎರಡು ಬಂದವು. ಎರಡೂ ಗಾಳಿಗೆ ಸಂಬಂಧಿಸಿದ ತಿದ್ದುಪಡಿಗಳು. ಮೊದಲ ಸರಣಿಯ ಚಿಕ್ಕ ಬಾಯಿಯೇ ಚೆಂದವೆಂದು ಕಾರುಪ್ರಿಯರು ಇಂದಿಗೂ ಹೇಳುತ್ತಾರೆ. ನನ್ನ ಕಣ್ಣಿಗೂ ಅದೇ ಚೆಂದ. ಆದರೆ ಫೀನಿಕ್ಸಿನಲ್ಲಿ ಇರಬೇಕೆಂದರೆ ನಾನು ದೊಡ್ಡ ಬಾಯಿಯನ್ನೇ ಆರಿಸಿಕೊಂಡೇನು.

ರೋಗ ಎಲ್ಲಿದೆ?

ಹಳೆಯ ಕಾರನ್ನು ಬಿಸಿಲಿಗೆ ಸಜ್ಜುಗೊಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ದೊಡ್ಡ ರೇಡಿಯೇಟರು ಕೊಳ್ಳುವುದು. ಅದು ಮೊದಲಿನದಾಗಬೇಕಿಲ್ಲ. ಕಾರು ಯಾವಾಗ ಬಿಸಿಯಾಗುತ್ತದೆ ಎಂದು ಕೇಳಿಕೊಳ್ಳುವುದು ಮೊದಲ ಕೆಲಸ. ನಿಂತಾಗ ಮುಳ್ಳು ಏರಿ, ಓಡತೊಡಗಿದ ಕೂಡಲೇ ಇಳಿದರೆ ದೋಷ ಫ್ಯಾನಿನದು, ಅಥವಾ ಗಾಳಿಯ ದಾರಿಯದು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಮುಳ್ಳೂ ಏರುತ್ತ ಹೋದರೆ ಫ್ಯಾನನ್ನು ದೂರಿ ಫಲವಿಲ್ಲ. ಆಗ ಅನುಮಾನಿಸಬೇಕಾದದ್ದು ರೇಡಿಯೇಟರಿನ ಗಾತ್ರವನ್ನು, ಒಳಗೆ ಕಟ್ಟಿಕೊಂಡ ಕೊಳೆಯನ್ನು, ಇಲ್ಲವೇ ನೀರಿನ ಪಂಪನ್ನು.

ಇನ್ನಷ್ಟು ಖಚಿತವಾಗಿ ತಿಳಿಯಬೇಕೆಂದರೆ ನಿಮ್ಮ ಪದವಿಪೂರ್ವ ತರಗತಿಯ ಸಮೀಕರಣವೇ ಸಾಕು: ಉಷ್ಣವೆಂದರೆ ದ್ರವ್ಯರಾಶಿ, ವಿಶಿಷ್ಟೋಷ್ಣ, ಉಷ್ಣತೆಯ ವ್ಯತ್ಯಾಸ ಇವುಗಳ ಗುಣಲಬ್ಧ. ರೇಡಿಯೇಟರಿಗೆ ಬರುವ ಮೇಲಿನ ನಳಿಗೆ, ಹೊರಡುವ ಕೆಳಗಿನ ನಳಿಗೆ, ಎರಡರ ಉಷ್ಣತೆಯನ್ನೂ ಅಳೆಯಿರಿ. ಎರಡೂ ಬಿಸಿಯಾಗಿದ್ದು ವ್ಯತ್ಯಾಸ ತೀರಾ ಕಡಿಮೆಯಿದ್ದರೆ, ನೀರು ಚೆನ್ನಾಗಿ ಹರಿಯುತ್ತಿದೆ, ಗಾಳಿ ಮಾತ್ರ ಮೂಟೆ ಇಳಿಸಿಕೊಳ್ಳುತ್ತಿಲ್ಲ ಎಂದರ್ಥ. ಮೇಲಿನದು ಸುಡುತ್ತಿದ್ದು ಕೆಳಗಿನದು ಬಹಳ ತಂಪಾಗಿದ್ದರೆ, ರೇಡಿಯೇಟರು ತನ್ನ ಕೆಲಸ ಮಾಡುತ್ತಿದೆ, ನೀರೇ ಸಾಕಷ್ಟು ಬರುತ್ತಿಲ್ಲ. ಈಗ ಸುಲಭವಾಗಿ ಸಿಗುವ ಅವಗೆಂಪು ಉಷ್ಣಮಾಪಕದಿಂದ ಇದನ್ನು ಮುಟ್ಟದೆಯೇ ಅಳೆಯಬಹುದು. ಒಂದು ಎಚ್ಚರಿಕೆ: ಹೊಳೆಯುವ ಲೋಹದ ಮೇಲೆ ಈ ಉಪಕರಣ ತಪ್ಪು ಹೇಳುತ್ತದೆ. ಕಪ್ಪು ರಬ್ಬರು ನಳಿಗೆಯ ಮೇಲೆ ಗುರಿಯಿಡಿ, ಬೆರಳುಗಳನ್ನು ಫ್ಯಾನಿನಿಂದ ದೂರವಿಡಿ.

ಗಾಳಿಯ ಕಡೆಯ ದುರಸ್ತಿಗಳು ಅಗ್ಗ, ಪರಿಣಾಮ ದೊಡ್ಡದು. ಹಳೆಯ ಫ್ಯಾನಿನ ಜಾಗದಲ್ಲಿ ಇಂದಿನ ಹೆಚ್ಚು ಗಾಳಿ ಎಳೆಯುವ ಫ್ಯಾನು ಹಾಕುತ್ತಾರೆ. ಆದರೆ ಫ್ಯಾನು ಬೆತ್ತಲೆಯಾಗಿ ಕುಳಿತರೆ ತನ್ನ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಸತ್ತಂತೆ ಇರುತ್ತವೆ. ರೇಡಿಯೇಟರಿನ ಪೂರ್ತಿ ಮುಖವನ್ನು ಫ್ಯಾನಿನ ಸುತ್ತಿಗೆ ಜೋಡಿಸುವ ತಗಡಿನ ಕವಚವೊಂದಿದ್ದರೆ ಅದೇ ಫ್ಯಾನು ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಫ್ಯಾನು ಹಿಮ್ಮುಖವಾಗಿ ತಿರುಗಿ, ಬರುವ ಗಾಳಿಗೆ ಎದುರಾಗಿ ನಿಲ್ಲುತ್ತದೆ. ನಗಬೇಡಿ, ಇದು ಸಾಕಷ್ಟು ಸಾಮಾನ್ಯವಾದ ತಪ್ಪು. ರೇಡಿಯೇಟರಿನ ಎದುರು ಒಂದು ಕಾಗದದ ಚೂರು ಹಿಡಿದರೆ ಉತ್ತರ ಸಿಗುತ್ತದೆ.

ಫ್ಯಾನಿಗೆ ವಿದ್ಯುತ್ತೂ ಬೇಕು. ಫ್ಯಾನಿನ ವೇಗವನ್ನು ಎರಡು ಪಟ್ಟು ಮಾಡಿದರೆ ಅದು ಕೇಳುವ ಶಕ್ತಿ ಎಂಟು ಪಟ್ಟು. ಮೊದಲ 3.8 ಲೀಟರಿನ ಕಾರುಗಳಲ್ಲಿ ಇದ್ದದ್ದು ಡೈನಮೋ. ಎಂಜಿನು ನಿಧಾನಕ್ಕೆ ತಿರುಗುವಾಗ, ಅಂದರೆ ಫ್ಯಾನಿನ ಅಗತ್ಯ ಅತ್ಯಂತ ಹೆಚ್ಚಿರುವ ಗಳಿಗೆಯಲ್ಲೇ, ಅದು ಕೊಡುವ ವಿದ್ಯುತ್ತು ಅತ್ಯಂತ ಕಡಿಮೆ. 1964ರ 4.2 ಲೀಟರಿನ ಮಾದರಿಗೆ ಆಲ್ಟರ್ನೇಟರು ಬಂತು. ಹಳೆಯ ಕಾರಿಗೆ ಹೊಸ ಫ್ಯಾನು ಹಾಕುವವರು ಆಲ್ಟರ್ನೇಟರು, ದಪ್ಪ ತಂತಿ, ರಿಲೇಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇನ್ನು ಗಾಳಿಯ ದಾರಿ. ಗಾಳಿ ಸೋಮಾರಿ. ರೇಡಿಯೇಟರಿನ ಪಕ್ಕದಲ್ಲಿ ಎರಡು ಬೆರಳಿನ ಸಂದು ಕಂಡರೆ ಅದು ಅಲ್ಲಿಂದಲೇ ಜಾರಿ ಹೋಗುತ್ತದೆ. ಜಾಲರಿಯ ರೆಕ್ಕೆಗಳ ನಡುವೆ ನುಸುಳುವ ಕಷ್ಟ ಅದಕ್ಕೆ ಬೇಡ. ಆ ಸಂದುಗಳನ್ನು ರಬ್ಬರು ಪಟ್ಟಿಯಿಂದ ಮುಚ್ಚುವುದು ಬಹುಶಃ ಎಲ್ಲಕ್ಕಿಂತ ಅಗ್ಗದ ಸುಧಾರಣೆ. ಒಳಬಂದ ಗಾಳಿ ಹೊರಹೋಗಲೂ ಬೇಕು. ಇ-ಟೈಪಿನ ಉದ್ದನೆಯ ಮುಚ್ಚಳದ ಮೇಲಿನ ಸೀಳುಕಿಂಡಿಗಳು ಬರೀ ಅಲಂಕಾರವಲ್ಲ.

ರೇಡಿಯೇಟರು, ತಾಮ್ರ, ಅಲ್ಯೂಮಿನಿಯಂ

ಇಷ್ಟಾದ ಮೇಲೂ ಹೆದ್ದಾರಿಯಲ್ಲಿ ಬಿಸಿಯಾದರೆ ರೇಡಿಯೇಟರಿನ ಮಾತು. ಇಲ್ಲಿ ನಿಮ್ಮಲ್ಲಿ ಜಾಣರಾದವರು ನನ್ನನ್ನು ಹಿಡಿಯಬಹುದು. ತಾಮ್ರದ ಉಷ್ಣವಾಹಕತ್ವ ಸುಮಾರು 400, ಅಲ್ಯೂಮಿನಿಯಂನದು ಸುಮಾರು 237. ಹಾಗಿದ್ದ ಮೇಲೆ ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರು ಕಿತ್ತು ಅಲ್ಯೂಮಿನಿಯಂ ಹಾಕುವುದು ಬುದ್ಧಿವಂತಿಕೆಯೇ? ಉತ್ತರ, ಲೋಹದ ವಾಹಕತ್ವ ಇಲ್ಲಿ ಅಡಚಣೆಯೇ ಅಲ್ಲ. ಲೋಹ ಅಷ್ಟು ತೆಳುವಾಗಿದೆ. ಅಡಚಣೆ ಇರುವುದು ರೆಕ್ಕೆಗೂ ಗಾಳಿಗೂ ನಡುವೆ. ಅಲ್ಯೂಮಿನಿಯಂ ಹಗುರ ಹಾಗೂ ಗಟ್ಟಿ. ಆದ್ದರಿಂದ ಕೊಳವೆಗಳನ್ನು ಅಗಲವಾಗಿ, ಚಪ್ಪಟೆಯಾಗಿ ಮಾಡಬಹುದು. ಅದೇ ಜಾಗದಲ್ಲಿ ಗಾಳಿಗೆ ಹೆಚ್ಚು ಮೈ ಸಿಗುತ್ತದೆ. ಅದರ ಲಾಭ ಇಷ್ಟೇ. ಕೊಳೆ ತುಂಬಿದ ತಾಮ್ರದ ರೇಡಿಯೇಟರನ್ನು ಹೊಸ ಅಲ್ಯೂಮಿನಿಯಂಗೆ ಹೋಲಿಸಿ ಅದ್ಭುತವೆನ್ನುವವರು, ಹೊಸ ತಾಮ್ರದ್ದಕ್ಕೆ ಹೋಲಿಸಿ ನೋಡಲಿ.

ದಪ್ಪ ಹೆಚ್ಚಿಸಿದರೆ ಸಾಲದೇ ಎಂದರೆ, ಸ್ವಲ್ಪ ಮಟ್ಟಿಗೆ ಮಾತ್ರ. ಹಿಂದಿನ ಸಾಲಿನ ಕೊಳವೆಗಳಿಗೆ ಸಿಗುವುದು ಮುಂದಿನ ಸಾಲುಗಳು ಕಾಯಿಸಿ ಕಳುಹಿಸಿದ ಗಾಳಿ. ಮೇಲಾಗಿ ದಪ್ಪ ಜಾಲರಿ ಗಾಳಿಗೆ ಹೆಚ್ಚು ತಡೆ. ಫ್ಯಾನು ದುರ್ಬಲವಾಗಿದ್ದರೆ, ದಪ್ಪ ರೇಡಿಯೇಟರು ಹಾಕಿದ ಕಾರು ಸಿಗ್ನಲಿನಲ್ಲಿ ಮೊದಲಿಗಿಂತ ಬೇಗ ಕುದಿಯಲೂಬಹುದು!

ಒಳಗಿನ ಕೊಳೆಯ ವಿಷಯ ಬಂತು. ಅರವತ್ತು ವರ್ಷದ ಕಬ್ಬಿಣದ ಎಂಜಿನಿನೊಳಗೆ ತುಕ್ಕು, ಮರಳಿನಂಥ ಗಸಿ ಕೂಡಿರುತ್ತದೆ. ಅದರ ಜೊತೆಗೆ ಗಡಸು ನೀರು ಹಾಕಿದರೆ ಸುಣ್ಣದ ಪದರ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ಆ ಪದರದ ಉಷ್ಣವಾಹಕತ್ವ ಕಬ್ಬಿಣದ್ದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಒಂದು ಮಿಲಿಮೀಟರು ಸುಣ್ಣ ಎಂದರೆ ಗೋಡೆಗೆ ಹಲವು ಸೆಂಟಿಮೀಟರು ಕಬ್ಬಿಣದ ಕಂಬಳಿ ಹೊದಿಸಿದಂತೆ. ಆದ್ದರಿಂದ ಹೊಸ ರೇಡಿಯೇಟರಿಗೆ ಮುಂಚೆ ಎಂಜಿನನ್ನು ತೊಳೆಯಬೇಕು. ಇಲ್ಲವಾದರೆ ಆ ಗಸಿಯೆಲ್ಲ ಹೊಸ ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಬಂದು ಕೂರುತ್ತದೆ. ತುಂಬಲು ಬಟ್ಟಿ ಇಳಿಸಿದ ನೀರು.

ಥರ್ಮೋಸ್ಟಾಟಿನ ಕಥೆ

ಕೆಲವು ವರ್ಷಗಳ ಹಿಂದೆ, ಮಾರ್ಚಿಯ ಕೊನೆಯಲ್ಲಿ, ರಾಯಚೂರು ಜಿಲ್ಲೆಯಲ್ಲಿ ಚಿತ್ರೀಕರಣಕ್ಕೆ ಹೋಗಿದ್ದೆವು. ಬಾಡಿಗೆಗೆ ಹಿಡಿದಿದ್ದ ಹಳೆಯ ಜೀಪು ಮಧ್ಯಾಹ್ನದ ಹೊತ್ತಿಗೆ ಆವಿ ಉಗುಳಿತು. ರಸ್ತೆಬದಿಯ ಮೆಕ್ಯಾನಿಕ್ ಒಬ್ಬರು ಬಂದು, “ನಮ್ಮ ಬಿಸಿಲಿಗೆ ಇದು ಬೇಡ್ರಿ” ಎಂದು ಥರ್ಮೋಸ್ಟಾಟನ್ನು ಕಿತ್ತು ನನ್ನ ಕೈಗೇ ಕೊಟ್ಟರು. ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಮತ್ತೆ ಕುದಿಯಿತು. ಸಂಜೆ ತಂಪಾದ ಮೇಲೆ ಟಾರ್ಚು ಬಿಟ್ಟು ನೋಡಿದರೆ, ರೇಡಿಯೇಟರಿನ ರೆಕ್ಕೆಗಳ ನಡುವೆ ಹತ್ತಿಯ ಎಳೆಗಳು, ದೂಳು, ಹುಳುಗಳು ಸೇರಿ ಭಾವಿಗೆ ಹಾಸಿದ ಗೋಣಿತಟ್ಟಿನಂತೆ ಕೂತಿವೆ. ಹತ್ತಿ ಗಾಡಿಗಳ ಹಿಂದೆ ದಿನವೆಲ್ಲ ಓಡಾಡಿದ ಜೀಪು ಅದು. ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆದೆವು. ಮರುದಿನ ಕುದಿಯಲಿಲ್ಲ. ಸೋತದ್ದು ಆಗಲೂ ಕೊನೆಯ ಕೊಂಡಿಯೇ.

ಬಿಸಿಲೂರಿನಲ್ಲಿ ಥರ್ಮೋಸ್ಟಾಟು ಬೇಡ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಇದೆ. ಥರ್ಮೋಸ್ಟಾಟು ಎಂದರೆ ನೀರು ಸುಮಾರು 75-80 ಡಿಗ್ರಿಗೆ ಬರುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟಿರುವ ಕವಾಟ. ಪೂರ್ತಿ ತೆರೆದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನಿಸುತ್ತದೆ. ಹಾಗಲ್ಲ. ತಣ್ಣಗಿರುವ ಎಂಜಿನಿನಲ್ಲಿ ನೀರು ರೇಡಿಯೇಟರನ್ನು ಬಿಟ್ಟು ಒಳಗೊಳಗೇ ಸುತ್ತಲು ಒಂದು ಅಡ್ಡದಾರಿ ಇರುತ್ತದೆ. ಇ-ಟೈಪಿಗೆ ಹಾಕುತ್ತಿದ್ದ ಮೂಲ ಥರ್ಮೋಸ್ಟಾಟಿಗೆ ಒಂದು ಲೋಹದ ತೋಳು ಇತ್ತು. ಮುಖ್ಯ ದಾರಿ ತೆರೆದಾಗ ಈ ತೋಳು ಅಡ್ಡದಾರಿಯನ್ನು ಮುಚ್ಚುತ್ತಿತ್ತು. ಅದನ್ನು ಕಿತ್ತರೆ, ಅಥವಾ ತೋಳಿಲ್ಲದ ಬೇರೆ ಥರ್ಮೋಸ್ಟಾಟು ಹಾಕಿದರೆ, ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದಂಶ ರೇಡಿಯೇಟರಿನ ಮುಖ ನೋಡದೆ ಎಂಜಿನಿಗೆ ವಾಪಸಾಗುತ್ತದೆ. ತಂಪು ಮಾಡಲು ಕಿತ್ತದ್ದು ಬಿಸಿ ಮಾಡಿತು!

ಥರ್ಮೋಸ್ಟಾಟು ಕಿತ್ತರೆ ಬಿಸಿಯಾಗುವುದಕ್ಕೆ ಕೆಲವರು ಬೇರೊಂದು ಕಾರಣ ಹೇಳುವುದನ್ನು ಕೇಳಿದ್ದೇನೆ: ನೀರು ತೀರಾ ಬೇಗ ಹರಿದು, ರೇಡಿಯೇಟರಿನಲ್ಲಿ ತಂಪಾಗಲು ಅದಕ್ಕೆ ಸಮಯ ಸಿಗುವುದಿಲ್ಲವಂತೆ. ಇದು ತಪ್ಪು. ಬೇಗ ಹರಿದ ನೀರು ಒಂದು ಸುತ್ತಿನಲ್ಲಿ ಕಡಿಮೆ ತಂಪಾಗುತ್ತದೆ, ನಿಜ. ಆದರೆ ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ. ರೇಡಿಯೇಟರಿನ ಉದ್ದಕ್ಕೂ ನೀರು ಬಿಸಿಯಾಗಿಯೇ ಇರುವುದರಿಂದ ಗಾಳಿಯೊಡನೆ ಸರಾಸರಿ ಅಂತರ ಹೆಚ್ಚು, ಹೊರಹೋಗುವ ಉಷ್ಣವೂ ಹೆಚ್ಚು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮೋಸ ಹೋಗಬೇಡಿ.

ಕುದಿತವನ್ನು ಮುಂದೂಡುವುದು

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೆ. ಆದರೆ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗು ಇದೆ. ಒಳಗಿನ ಒತ್ತಡ ವಾತಾವರಣದ್ದಕ್ಕಿಂತ ಇನ್ನೊಂದು ವಾತಾವರಣದಷ್ಟು ಏರಲು ಬಿಟ್ಟರೆ ಕುದಿಬಿಂದು 120ಕ್ಕೆ ಹೋಗುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ಹೀಗೆಂದು ಹಳೆಯ ಕಾರಿಗೆ ಬಿಗಿಯಾದ ಮುಚ್ಚಳ ಹಾಕಿಬಿಡುವವರಿದ್ದಾರೆ. ಮುಚ್ಚಳ ಎಂಜಿನನ್ನು ತಂಪು ಮಾಡುವುದಿಲ್ಲ, ಕುದಿತವನ್ನು ಮುಂದೂಡುತ್ತದೆ, ಅಷ್ಟೆ. ಹಳೆಯ ಬೆಸುಗೆ, ಹಳೆಯ ನಳಿಗೆಗಳು ಆ ಒತ್ತಡ ತಾಳದೆ ಎಲ್ಲೋ ಒಂದು ಕಡೆ ಬಿರಿಯುತ್ತವೆ. ಕಂಪನಿ ಹೇಳಿದ ಒತ್ತಡದ ಹೊಸ ಮುಚ್ಚಳ ಸಾಕು.

ನೀರಿಗೆ ಬೆರೆಸುವ ಗ್ಲೈಕಾಲ್ ಎರಡಲಗಿನ ಕತ್ತಿ. ಅದು ಕುದಿಬಿಂದುವನ್ನು ಏರಿಸುತ್ತದೆ, ಹಿಮಗಟ್ಟದಂತೆ ಕಾಯುತ್ತದೆ. ಆದರೆ ಸಮಪಾಲಿನ ಮಿಶ್ರಣದ ವಿಶಿಷ್ಟೋಷ್ಣ ನೀರಿನದ್ದಕ್ಕಿಂತ ಶೇಕಡಾ 15-20ರಷ್ಟು ಕಡಿಮೆ. ಹಿಮ ಬೀಳದ ಊರಿನಲ್ಲಿ ನೀರಿನ ಪಾಲು ಹೆಚ್ಚಿಸಿ, ತುಕ್ಕು ತಡೆಯುವ ರಾಸಾಯನಿಕವನ್ನು ಮಾತ್ರ ಬಿಡದೆ ಹಾಕುವುದು ಲೇಸು. ನೀರೇ ಇಲ್ಲದ ತಂಪುದ್ರವಗಳೂ ಮಾರುಕಟ್ಟೆಯಲ್ಲಿವೆ. ಅವು ಕುದಿಯುವುದಿಲ್ಲವೆನ್ನುವಷ್ಟು ಹೆಚ್ಚಿನ ಕುದಿಬಿಂದು ಅವಕ್ಕಿದೆ. ಆದರೆ ಉಷ್ಣ ಹೊರುವ ಶಕ್ತಿ ಕಡಿಮೆಯಾದ್ದರಿಂದ ಎಂಜಿನು ಮೊದಲಿಗಿಂತ ಬಿಸಿಯಾಗಿಯೇ ಓಡುತ್ತದೆ. ನನಗೇನೋ ನೀರೇ ಇಷ್ಟ. ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ಕೆಳಗೆ ಚೆಲ್ಲಿದ್ದನ್ನು ನಾಯಿ, ದನಗಳು ನೆಕ್ಕದಂತೆ ನೋಡಿಕೊಳ್ಳಬೇಕು.

ಕಿಡಿಯ ಸಮಯವೂ ಲೆಕ್ಕಕ್ಕೆ ಬರುತ್ತದೆ. ಕಿಡಿ ತಡವಾದರೆ ದಹನ ತಡವಾಗಿ ಮುಗಿದು, ಕೆಲಸವಾಗಬೇಕಾದ ಶಕ್ತಿ ಹೊರದಾರಿಯ ಗೋಡೆಗಳನ್ನು ಕಾಯಿಸುತ್ತದೆ. ಅದನ್ನು ಸರಿಪಡಿಸಲು ಖರ್ಚೇನೂ ಇಲ್ಲ.

ಇನ್ನೊಂದು ಮಾತು, ಉಷ್ಣತೆಯ ಮುಳ್ಳಿನ ಬಗ್ಗೆ. ಮುಳ್ಳನ್ನು ನಡೆಸುವ ಸಂವೇದಕ ನೀರಿನಲ್ಲಿ ಮುಳುಗಿರಬೇಕು. ನೀರು ಸೋರಿ ಮಟ್ಟ ಇಳಿದು, ಅದು ಗಾಳಿಯಲ್ಲಿ ಉಳಿದರೆ, ಎಂಜಿನು ಸುಡುತ್ತಿರುವಾಗಲೂ ಮುಳ್ಳು ಕೆಳಗಿಳಿಯಬಹುದು. ಬಿಸಿಲಲ್ಲಿ ಕಾರಣವಿಲ್ಲದೆ ಇಳಿದ ಮುಳ್ಳನ್ನು ಏರಿದ ಮುಳ್ಳಿನಷ್ಟೇ ಅನುಮಾನದಿಂದ ನೋಡಿ.

ಹಾಗೆ ಅನುಮಾನ ಬಂದಾಗ ಕಾರು ನಿಲ್ಲಿಸಿ ಕೂಡಲೇ ರೇಡಿಯೇಟರಿನ ಮುಚ್ಚಳ ತಿರುಗಿಸುವವರನ್ನು ನಾನು ಕಂಡಿದ್ದೇನೆ. ಒಳಗೆ 110 ಡಿಗ್ರಿಯಲ್ಲಿ ಒತ್ತಡದಡಿ ನೀರಾಗಿಯೇ ಇದ್ದದ್ದು, ಒತ್ತಡ ಬಿಟ್ಟ ಗಳಿಗೆಯಲ್ಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಂಜಿನು ನಿಲ್ಲಿಸಿದ ಮೊದಲ ಕೆಲವು ನಿಮಿಷ ನೀರು ತಂಪಾಗುವ ಬದಲು ಇನ್ನಷ್ಟು ಬಿಸಿಯಾಗುತ್ತದೆ. ಪಂಪು ನಿಂತಿರುತ್ತದೆ, ಸಿಲಿಂಡರಿನ ಲೋಹ ಮಾತ್ರ ತನ್ನಲ್ಲಿದ್ದ ಉಷ್ಣವನ್ನು ನಿಂತ ನೀರಿಗೆ ಕೊಡುತ್ತಲೇ ಇರುತ್ತದೆ. ನಿಲ್ಲಿಸಿದ ಕಾರಿನ ಫ್ಯಾನು ಕೆಲವೊಮ್ಮೆ ತಾನಾಗಿ ತಿರುಗುತ್ತಲೇ ಇರುವುದನ್ನು ನೀವು ಕೇಳಿರಬಹುದು, ಕಾರಣ ಇದೇ. ಅದು ನಿಂತ ಮೇಲೂ ಅರ್ಧ ಗಂಟೆ ನೆರಳಿನಲ್ಲಿ ಕಾಯಿರಿ. ಆಮೇಲೆ ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಕಾಲು ಸುತ್ತು ಮಾತ್ರ ತಿರುಗಿಸಿ, ಸುಯ್ಯೆನ್ನುವ ಸದ್ದು ಪೂರ್ತಿ ನಿಲ್ಲುವವರೆಗೆ ಹಾಗೇ ಬಿಡಿ.